ಹಳೆಯ ಡ್ರಮ್ ಕಿಟ್ಟಾ, ಹೊಸದಾ? ಡ್ರಮ್ ಟೆಕ್ನಿಷಿಯನ್‌ಗೆ ಕೇಳಿ

ಪ್ರಶ್ನೆ: ಸರ್, ಎರಡು ಕಿಟ್ ನೋಡಿಟ್ಟಿದ್ದೇನೆ. ಒಂದು 60ರ ದಶಕದ್ದು, ಲುಡ್ವಿಗ್ ಕಂಪನಿಯದು. ಇನ್ನೊಂದು ಈಗಿನ ದುಬಾರಿ ಮೇಪಲ್ ಕಿಟ್, ಹೊಚ್ಚ ಹೊಸದು. ಬೆಲೆ ಹೆಚ್ಚುಕಮ್ಮಿ ಒಂದೇ. ಹಳೆಯ ಕಿಟ್‌ನ ಗುಣಮಟ್ಟ ಈಗ ಸಿಗಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿಜವಾ?

ಉತ್ತರ: ಸದ್ದಿನ ಮಟ್ಟಿಗೆ ಸ್ವಲ್ಪ ನಿಜ, ತಯಾರಿಕೆ ಮಟ್ಟಿಗೆ ಖಂಡಿತ ಅಲ್ಲ. ಆಗಿನ ಲುಡ್ವಿಗ್ ಶೆಲ್, ಅಂದರೆ ಡ್ರಮ್ಮಿನ ದುಂಡನೆಯ ಮರದ ಮೈ, ಮೂರೇ ಪ್ಲೈ, ಅಂದರೆ ಮೂರು ತೆಳು ಮರದ ಪದರ. ಮೇಪಲ್, ಪಾಪ್ಲರ್, ಮಹಾಗನಿ ಸೇರಿಸಿ ಮಾಡುತ್ತಿದ್ದರು. ಶೆಲ್ ತೆಳುವಾದ್ದರಿಂದ ಬಲಕ್ಕೆ ಒಳಗಡೆ ಮೇಲೂ ಕೆಳಗೂ ಮರದ ರಿಂಗ್ ಅಂಟಿಸುತ್ತಿದ್ದರು. ಹೆಡ್, ಅಂದರೆ ನಾವು ಬಾರಿಸುವ ಬಿಗಿದ ಹಾಳೆ, ಕೂರುವ ಅಂಚು, ನಾವು ಬೇರಿಂಗ್ ಎಡ್ಜ್ ಅನ್ನುತ್ತೇವಲ್ಲ, ಅದು ದುಂಡಗೆ ಇರುತ್ತದೆ. ಹೆಡ್ ಮರಕ್ಕೆ ಜಾಸ್ತಿ ತಾಗುವುದರಿಂದ ಸದ್ದು ಮೆತ್ತಗೆ, ತುಂಬಿಕೊಂಡು ಬಂದು ಬೇಗ ಅಡಗುತ್ತದೆ. ಈಗಿನ ಕಿಟ್‌ಗಳಲ್ಲಿ ಹೆಚ್ಚಾಗಿ 45 ಡಿಗ್ರಿ ಚೂಪು ಎಡ್ಜ್. ಪೆಟ್ಟು ಸ್ಪಷ್ಟವಾಗಿ ಕೇಳುತ್ತದೆ, ಗುಂಯ್ ಅನ್ನೋದು ಜಾಸ್ತಿ ಹೊತ್ತು ಉಳಿಯುತ್ತದೆ. ಜನ ಹಳೆಯ ಮರದ ಮಹಿಮೆ ಅಂತ ಹೇಳುವುದರಲ್ಲಿ ದೊಡ್ಡ ಪಾಲು ಈ ಎಡ್ಜ್‌ದೇ ಅನ್ನೋದು ನನ್ನ ಅಭಿಪ್ರಾಯ.

ಆದರೆ 1964ರ ಫೆಬ್ರವರಿಯಲ್ಲಿ ಬೀಟಲ್ಸ್ ಅಮೆರಿಕದ ಟಿವಿಯಲ್ಲಿ ಬಂದ ಮೇಲೆ, ಅವರ ಡ್ರಮ್ಮರ್ ರಿಂಗೋ ಸ್ಟಾರ್ ನುಡಿಸಿದ ಲುಡ್ವಿಗ್ಗೇ ಬೇಕು ಅಂತ ಜನ ಮುಗಿಬಿದ್ದರು. ಅವಸರದಲ್ಲಿ ಆದ ಕೆಲಸ ಆ ಕಾಲದ ಶೆಲ್‌ಗಳಲ್ಲಿ ಕಾಣುತ್ತದೆ. ಒಂದೇ ಕಿಟ್‌ನಲ್ಲಿ ಟಾಮ್ (ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ಮಿನ ಮೇಲೆ ಕೂರುವ ಚಿಕ್ಕ ಡ್ರಮ್) ಅದ್ಭುತವಾಗಿರುತ್ತದೆ, ಫ್ಲೋರ್ ಟಾಮ್ (ನೆಲದ ಮೇಲೆ ನಿಲ್ಲುವ ದೊಡ್ಡ ಟಾಮ್) ಎಷ್ಟು ತಿರುಗಿಸಿದರೂ ಟ್ಯೂನ್‌ಗೆ ನಿಲ್ಲಲ್ಲ. ಹಾಗಾಗಿ ಕಿಟ್ ಯಾವ ಇಸವಿಯದು ಅನ್ನೋದಕ್ಕಿಂತ ನಿಮ್ಮ ಮುಂದಿರುವ ಶೆಲ್ ಹೇಗಿದೆ ಅನ್ನೋದು ಮುಖ್ಯ.

ಪ್ರಶ್ನೆ: ಶೆಲ್ ಚೆನ್ನಾಗಿದೆಯೋ ಇಲ್ಲವೋ ಅಂತ ನಾನೇ ಹೇಗೆ ನೋಡೋದು?

ಉತ್ತರ: ಎರಡೂ ಕಡೆಯ ಹೆಡ್ ಬಿಚ್ಚಿಸಿ. ಮಾರುವವರು ಬೇಡ ಅಂದರೆ ಆ ಕಿಟ್ ಅಲ್ಲಿಗೇ ಬಿಡಿ. ಬರೀ ಶೆಲ್ಲನ್ನು ದಪ್ಪ ಗಾಜು ಅಥವಾ ನಯವಾದ ಗ್ರಾನೈಟ್ ಮೇಲೆ ಬೋರಲು ಇಡಿ, ಲೈಟ್ ಆರಿಸಿ, ಒಳಗೆ ಟಾರ್ಚ್ ಹಿಡಿಯಿರಿ. ಕೆಳಗಿನ ಅಂಚಲ್ಲಿ ಬೆಳಕು ಎಲ್ಲಿ ಇಣುಕುತ್ತದೋ ಅಲ್ಲಿ ಎಡ್ಜ್ ತಗ್ಗಿದೆ ಅಂತ ಅರ್ಥ. ಕೂದಲೆಳೆಯಷ್ಟು ಇದ್ದರೆ ಚಿಂತೆ ಇಲ್ಲ, ಕಾಗದ ತೂರುವಷ್ಟು ಇದ್ದರೆ ತೊಂದರೆ. ಆಮೇಲೆ ಹೊಸ ಹೆಡ್ ಒಂದನ್ನು ಸುಮ್ನೆ ಮೇಲಿಟ್ಟು ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು. ಒಂದು ಕಡೆ ಸಿಕ್ಕಿಕೊಂಡರೆ ಶೆಲ್ ದುಂಡಗಿಲ್ಲ, ಇಲ್ಲಾ ಅದರ ಅಳತೆಯೇ ತುಸು ದೊಡ್ಡದು. ಪ್ಲೈ ಬಿಟ್ಟುಕೊಂಡಿದೆಯಾ, ಯಾರಾದರೂ ಹೊಸ ಮೌಂಟ್‌ಗೆ (ಟಾಮನ್ನು ಹಿಡಿದಿಡುವ ಕೊಂಡಿಗೆ) ತೂತು ಕೊರೆದಿದ್ದಾರಾ ಅದನ್ನೂ ನೋಡಿ.

ಇನ್ನೊಂದು ವಿಷಯ. ಹೆಡ್ ಬಿಗಿಯುವ ಸ್ಕ್ರೂ ಕೂರುವ ಲೋಹದ ತುಂಡಿಗೆ ಲಗ್ ಅಂತಾರೆ. ಹಳೆಯ ಲಗ್‌ಗಳ ಒಳಗೆ ಸ್ಪ್ರಿಂಗ್ ಇರುತ್ತದೆ. ಡ್ರಮ್ ಬಾರಿಸಿದಾಗ ಅದು ಝುಂಯ್ ಅಂತ ಅದುರುತ್ತದೆ, ಮೈಕ್ ಹಿಡಿದರೆ ರೆಕಾರ್ಡಿಂಗ್‌ನಲ್ಲಿ ಚೆನ್ನಾಗೇ ಕೇಳುತ್ತದೆ. ಲಗ್ ಬಿಚ್ಚಿ ಸ್ಪ್ರಿಂಗ್ ಒಳಗೆ ಚೂರು ಫೆಲ್ಟ್ ತುರುಕಿದರೆ ಸರಿಹೋಗುತ್ತದೆ. ಅಷ್ಟಕ್ಕೆ ಕಿಟ್ ಬೇಡ ಅನ್ನಬೇಡಿ.

ಪ್ರಶ್ನೆ: ಅಣ್ಣಾ, ಎಡ್ಜ್ ಹಾಳಾಗಿದ್ದರೆ ಹೊಸದಾಗಿ ಕಟ್ ಮಾಡಿಸಬಹುದು ಅಲ್ವಾ?

ಉತ್ತರ: ಮಾಡಿಸಬಹುದು, ಆದರೆ ಬೇರೆ ದಾರಿ ಇಲ್ಲದಿದ್ದಾಗ ಮಾತ್ರ. ಹಳೆಯ ಶೆಲ್‌ಗೆ 45 ಡಿಗ್ರಿ ಚೂಪು ಎಡ್ಜ್ ಹಾಕಿಸಿದರೆ ನೀವು ದುಡ್ಡು ಕೊಟ್ಟು ತಂದ ಆ ಸದ್ದೇ ಹೋಗಿಬಿಡುತ್ತದೆ. ಇದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಗ್ರೆಚ್ ಕಂಪನಿಯ ಶೆಲ್ ಆದರೆ 30 ಡಿಗ್ರಿ, ಲುಡ್ವಿಗ್ ಆದರೆ ಅದರ ದುಂಡು ಆಕಾರ, ಮೊದಲು ಹೇಗಿತ್ತೋ ಹಾಗೇ ಮಾಡಿಸಿ. ಸಂಗ್ರಹಕಾರರ ಹತ್ತಿರ ಬೆಲೆ ಇಳಿಯುತ್ತದೆ ಅನ್ನೋದೂ ತಲೆಯಲ್ಲಿರಲಿ.

ಪ್ರಶ್ನೆ: 70, 80ರ ದಶಕದ ಯಮಾಹಾ, ಸೋನರ್ ಬಗ್ಗೆ ಏನಂತೀರಿ?

ಉತ್ತರ: ಹಳೆಯದೇ ಬೇಕು ಅಂದರೆ ನಾನು ಮೊದಲು ತೋರಿಸೋದು ಇವನ್ನೇ. ಯಮಾಹಾ ರೆಕಾರ್ಡಿಂಗ್ ಕಸ್ಟಮ್‌ನ ಬರ್ಚ್ ಶೆಲ್‌ಗಳು ಇವತ್ತಿಗೂ ದುಂಡಗೆ, ನೇರವಾಗಿ ಇರುತ್ತವೆ. 2016ರಲ್ಲಿ ಯಮಾಹಾ ಆ ಮಾದರಿಯನ್ನು ಡ್ರಮ್ಮರ್ ಸ್ಟೀವ್ ಗ್ಯಾಡ್ ಜೊತೆ ಸೇರಿ ಮತ್ತೆ ತಂದಿತು. ಎರಡನ್ನೂ ಒಂದೇ ಹೆಡ್ ಹಾಕಿ ಕೇಳಿದರೆ ಹೊಸದು ಕಡಿಮೆ ಅಂತ ನನಗೆ ಅನ್ನಿಸಿಲ್ಲ. ಸೋನರ್ ಸಿಗ್ನೇಚರ್ ಬೇರೆಯೇ ಜಾತಿ. ದಪ್ಪನೆಯ ಶೆಲ್, ಹೊರುವುದಕ್ಕೆ ಇಬ್ಬರು ಬೇಕು, ಜೋರಾಗಿ ಬಾರಿಸಿದಷ್ಟೂ ಕೊಡುತ್ತದೆ. ಅದರ ಟೆನ್ಷನ್ ರಾಡ್‌ಗೆ (ಹೆಡ್ ಬಿಗಿಯುವ ಸ್ಕ್ರೂಗೆ) ಸಾಮಾನ್ಯ ಡ್ರಮ್ ಕೀ ಆಗಲ್ಲ, ಸ್ಕ್ರೂಡ್ರೈವರ್ ಥರದ ಕೀ ಬೇಕು. ಕೊಳ್ಳುವಾಗ ಅದನ್ನೂ ಕೇಳಿ ಇಸ್ಕೊಳ್ಳಿ.

ಪ್ರಶ್ನೆ: ಹಾಗಾದರೆ ಹೊಸ ಕಿಟ್‌ಗಳಲ್ಲಿ ಅಷ್ಟು ದುಡ್ಡು ಯಾವುದಕ್ಕೆ?

ಉತ್ತರ: ಈಗ ಮಧ್ಯಮ ಬೆಲೆಯ ಕಿಟ್‌ನಲ್ಲೂ ಎಡ್ಜ್ ಯಂತ್ರದಲ್ಲೇ ಕಟ್ ಆಗುತ್ತದೆ, ನೇರವಾಗಿರುತ್ತದೆ. ಟಾಮನ್ನು ಶೆಲ್‌ಗೆ ತೂತು ಕೊರೆಯದೆ ತೂಗುಹಾಕುವ ಮೌಂಟ್ ಕೂಡ ಸಿಗುತ್ತದೆ. ಮಧ್ಯಮ ಬೆಲೆಗಿಂತ ಹೆಚ್ಚು ನೀವು ಕೊಡುವ ದುಡ್ಡಲ್ಲಿ ತುಂಬಾ ಭಾಗ ಲ್ಯಾಕರ್ ಹೊಳಪು, ಅಪರೂಪದ ಮರದ ಹೊರ ಪದರ, ಬೇಕಾದ ಅಳತೆ ಆರಿಸಿಕೊಳ್ಳುವ ಅವಕಾಶ ಇವಕ್ಕೇ ಹೋಗುತ್ತದೆ. ನೋಡೋಕೆ ಚೆಂದ, ನಾನೇನೂ ಬೇಡ ಅನ್ನಲ್ಲ. ಕಿವಿಗೆ ಅಷ್ಟು ವ್ಯತ್ಯಾಸ ಸಿಗಲ್ಲ.

ಮೊದಲು ಪ್ರಶ್ನೆ ಕೇಳಿದವರಿಗೆ: ವಾರ ವಾರ ಸ್ಟೇಜ್ ಮೇಲೆ ನುಡಿಸೋದು, ಇರೋದು ಇದೊಂದೇ ಕಿಟ್ ಅಂದರೆ ಹೊಸದನ್ನೇ ತಗೊಳ್ಳಿ. ಹಳೆಯ ಲುಡ್ವಿಗ್‌ನ ಟಾಮ್ ಹೋಲ್ಡರ್, ಕಿಕ್ ಡ್ರಮ್ಮಿನ ಕಾಲುಗಳು ಜೋರಾದ ಪೆಟ್ಟಿಗೆ ಜಾರುತ್ತವೆ. ರೆಕಾರ್ಡಿಂಗ್ ಜಾಸ್ತಿ ಇದ್ದು, ಟಾರ್ಚ್ ಪರೀಕ್ಷೆಯಲ್ಲಿ ಮೂರೂ ಡ್ರಮ್ ಪಾಸಾದರೆ ಲುಡ್ವಿಗ್ ಬಿಡಬೇಡಿ. ಶೆಲ್ ಬಿಚ್ಚಿದಾಗ ಎಡ್ಜ್‌ನ ಫೋಟೋ ಹತ್ತಿರದಿಂದ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.