ಎಸಿ ಗ್ಯಾಸ್ ತುಂಬಿಸಿ ಮೂರೇ ವಾರ, ಮತ್ತೆ ಬಿಸಿಗಾಳಿ: ಎರಡನೇ ಬಿಲ್ ಕೊಡ್ಬೇಕಾ?

ಪ್ರಶ್ನೆ (ಅಂಕೋಲಾ): ಆರು ವರ್ಷದ ಪೆಟ್ರೋಲ್ ಕಾರು. ಎಸಿ ತಣ್ಣಗಾಗ್ತಿಲ್ಲ ಅಂತ ಗ್ಯಾರೇಜಿಗೆ ಬಿಟ್ಟಿದ್ದೆ. ‘ಗ್ಯಾಸ್ ಚಾರ್ಜಿಂಗ್, ಎಸಿ ಸರ್ವಿಸ್’ ಅಂತ 4,800 ರೂಪಾಯಿ ಬಿಲ್. ಮೂರು ವಾರಕ್ಕೆ ಮತ್ತೆ ಅದೇ ಕಥೆ. ‘ಗ್ಯಾಸ್ ಖಾಲಿ, ಮತ್ತೆ ತುಂಬಿಸ್ಬೇಕು, ಗ್ಯಾಸಿಗೆ ಗ್ಯಾರಂಟಿ ಇಲ್ಲ’ ಅಂತಾರೆ. ಏನು ಮಾಡ್ಲಿ?

ಉತ್ತರ (ಆಟೋ ಎಸಿ ಮೆಕ್ಯಾನಿಕ್, ಕುಮಟಾ): ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಮುಗಿಯೋದಲ್ಲ. ಹೋಸ್ ಪೈಪಿನಿಂದ ವರ್ಷಗಟ್ಟಲೆ ಒಂಚೂರು ಜಿನುಗಬಹುದು, ಮೂರು ವಾರದಲ್ಲಿ ಹೋಯ್ತು ಅಂದ್ರೆ ಲೀಕೇಜ್. ಆದ್ರೆ ಮೊದಲು ಗ್ಯಾಸ್ ನಿಜಕ್ಕೂ ಹೋಗಿದೆಯಾ ನೋಡಿಸಿ. ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಎಷ್ಟು ಗ್ರಾಂ ಅಂತ ಇರುತ್ತೆ. ಸಣ್ಣ ಕಾರಿಗೆ ಸಾಮಾನ್ಯವಾಗಿ 350ರಿಂದ 500. ರಿಕವರಿ ಮಷಿನ್ ಹಾಕಿದ್ರೆ ಒಳಗಿದ್ದದ್ದನ್ನು ಎಳೆದು ತೂಕ ತೋರಿಸುತ್ತೆ. 450 ಇರ್ಬೇಕಾದಲ್ಲಿ 120 ಬಂದ್ರೆ ಆ ಡಿಸ್‌ಪ್ಲೇ ಫೋಟೊ ತೆಗೀರಿ. ಗ್ಯಾಸ್ ಪೂರ್ತಿ ಇದ್ದೂ ತಣ್ಣಗಾಗದಿದ್ರೆ ಫ್ಯಾನ್, ರಿಲೇ ಅಥವಾ ಕಂಪ್ರೆಸರ್ ಕ್ಲಚ್. ಅದು ಬೇರೆ ದೋಷ, ಹಳೇ ಬಿಲ್ ಹಿಡಿದು ಜಗಳಾಡೋಕಾಗಲ್ಲ.

‘ವ್ಯಾಕ್ಯೂಮ್ (ಗ್ಯಾಸ್ ತುಂಬೋ ಮೊದಲು ಒಳಗಿನ ಗಾಳಿ ಎಳೆದು ನೋಡೋದು) ನಿಂತಿತ್ತು, ಲೀಕ್ ಇರ್ಲಿಲ್ಲ’ ಅನ್ನೋದು ಗ್ಯಾರೇಜಿನವರ ಮಾಮೂಲಿ ಉತ್ತರ. ಒಪ್ಬೇಡಿ. ವ್ಯಾಕ್ಯೂಮಿನಲ್ಲಿ ಒತ್ತಡ ಹೊರಗಿಂದ ಒಳಕ್ಕೆ, ಅದೂ ಒಂದು ಬಾರ್ ಮಾತ್ರ. ಎಸಿ ಓಡುವಾಗ ಹೈ ಸೈಡಿನಲ್ಲಿ (ಕಂಪ್ರೆಸರ್ ಗ್ಯಾಸನ್ನು ಒತ್ತಿ ಕಳಿಸೋ ಕಡೆ) 10–15 ಬಾರ್ ಒಳಗಿಂದ ಹೊರಕ್ಕೆ ನೂಕ್ತಿರುತ್ತೆ. ಸಣ್ಣ ತೂತು ವ್ಯಾಕ್ಯೂಮಿನಲ್ಲಿ ಎಷ್ಟೋ ಸಲ ಸಿಕ್ಕಿ ಬೀಳೋದೇ ಇಲ್ಲ. ನೈಟ್ರೋಜನ್ ತುಂಬಿ ಸೋಪಿನ ನೀರು ಹಚ್ಚಬೇಕು, ಇಲ್ಲವೇ ಯುವಿ ಡೈ (ಯುವಿ ಬೆಳಕಿಗೆ ಹೊಳೆಯೋ ಬಣ್ಣ) ಹಾಕಿ ಯುವಿ ಟಾರ್ಚ್ ಬಿಟ್ಟು ನೋಡ್ಬೇಕು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಮೊದಲು ತಿಂದುಹೋಗೋದು ಮುಂದಿನ ಕಂಡೆನ್ಸರ್ (ಬಿಸಿ ಗ್ಯಾಸನ್ನು ತಣಿಸೋ ಜಾಲರಿಯಂಥ ಭಾಗ). ಅದರ ಮೂಲೆಯಲ್ಲಿ ಧೂಳು ಎಣ್ಣೆಜಿಡ್ಡಾಗಿ ಅಂಟಿದ್ರೆ ಅಲ್ಲೇ ಅನುಮಾನಪಡಿ.

ಮರುಪ್ರಶ್ನೆ: ಕಂಡೆನ್ಸರೇ ಅಂತಾದ್ರೆ ಅದರ ಖರ್ಚೂ ಅವರದ್ದಾ? ದುಡ್ಡು ಕೊಡದೆ ಗಾಡಿ ಬಿಡಲ್ಲ ಅಂದ್ರೆ?

ಉತ್ತರ (ವಕೀಲೆ, ಕಾರವಾರ): ಕಂಡೆನ್ಸರ್ ಹಾಳಾಗಿದ್ದು ಅವರಿಂದಲ್ಲ, ಆ ಖರ್ಚು ನಿಮ್ಮದೇ. ಲೀಕ್ ಹುಡುಕದೆ ತುಂಬಿಸಿದ ಗ್ಯಾಸು, ಅದರ ಮಜೂರಿ ಮಾತ್ರ ವಾಪಸ್ ಕೇಳಿ. ಪೂರ್ತಿ 4,800ಕ್ಕೆ ಪಟ್ಟು ಹಿಡಿದ್ರೆ ಕೇಸ್ ಸಡಿಲಾಗುತ್ತೆ.

ಮಾಡಿದ ಕೆಲಸದ ಹಣ ಬಾಕಿಯಿದ್ರೆ ಗಾಡಿ ತಡೆದಿಟ್ಟುಕೊಳ್ಳೋ ಹಕ್ಕು ರಿಪೇರಿಯವರಿಗಿದೆ (ಕರಾರು ಕಾಯ್ದೆ 1872, ಕಲಂ 170). ಹಾಗಾಗಿ ‘ತಕರಾರು ಕಾಯ್ದಿರಿಸಿ ಪಾವತಿಸಿದ್ದೇನೆ’ ಅಂತ ಬಿಲ್ಲಿನ ಮೇಲೆ ಬರೆದು, ಯುಪಿಐನಲ್ಲಿ ಕೊಟ್ಟು ಗಾಡಿ ಬಿಡಿಸಿಕೊಳ್ಳಿ. ಬೇರೆ ಕಡೆ ಬಿಚ್ಚಿಸೋದಕ್ಕೆ ಮುಂಚೆ ಇದೇ ಗ್ಯಾರೇಜಿಗೆ ‘ಏಳು ದಿನದಲ್ಲಿ ಪರೀಕ್ಷಿಸಿ’ ಅಂತ ವಾಟ್ಸಾಪ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಬರೆಯಿರಿ. ಇನ್ನೊಬ್ಬರು ಕೈ ಹಾಕಿದ ಮೇಲೆ ‘ಅವರೇ ಕೆಡಿಸಿದ್ದು’ ಅನ್ನೋಕೆ ದಾರಿಯಾಗುತ್ತೆ. ಬಗ್ಗದಿದ್ರೆ 1915 ಗ್ರಾಹಕ ಸಹಾಯವಾಣಿ, ಆಮೇಲೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡ್ಬೇಕು, ವಕೀಲರು ಕಡ್ಡಾಯವೂ ಅಲ್ಲ.

ಮೆಕ್ಯಾನಿಕ್ ಸೇರಿಸಿದ್ದು: ಈ ಸಲ ಜಾಬ್ ಕಾರ್ಡಿನಲ್ಲಿ ‘ಎಸಿ ಸರ್ವಿಸ್’ ಅಂತ ಬರೆಸಿಕೊಂಡು ಬರ್ಬೇಡಿ. ಲೀಕ್ ಎಲ್ಲಿ ಸಿಕ್ತು, ಯಾವ ಓ-ರಿಂಗ್ (ಪೈಪ್ ಜೋಡಣೆಯ ರಬ್ಬರ್ ಬಳೆ) ಬದಲಾಯ್ತು, ಎಷ್ಟು ಗ್ರಾಂ ತುಂಬಿದ್ರು ಅಂತ ಬರೆಸಿ. ಬಿಚ್ಚಿದ ಹಳೇ ಕಂಡೆನ್ಸರನ್ನು ಗುಜರಿಗೆ ಬಿಡದೆ ಮನೆಗೆ ತನ್ನಿ.