ಭಾನುವಾರದ ಪ್ರಶ್ನೋತ್ತರ: ಮಳೆ ಲೆಕ್ಕ ತಪ್ಪಿದೆ, ಬೆಳೆ ಏನು ಮಾಡೋಣ?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಉತ್ತರಿ ಮಳೆ (ಸೆಪ್ಟೆಂಬರ್‌ನ ನಕ್ಷತ್ರ ಮಳೆ) ಹೊಡೆದ ಮೇಲೆ ನಮ್ಮ ರೈತರ ಗುಂಪಿನಲ್ಲಿ ಒಂದೇ ಗಲಾಟೆ. ಅದಕ್ಕೇ ಇವತ್ತು ಬೇಸಾಯ ಮೇಡಂ ಅವರನ್ನು ಕರೆದಿದ್ದೇವೆ. ಒಣಬೇಸಾಯದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವರು. ಒಬ್ಬರಿಗೆ ಒಂದೇ ಪ್ರಶ್ನೆ. ಊರು, ಮಣ್ಣು, ಬಿತ್ತಿದ ದಿನ ಬರೆಯಿರಿ. ಫಾರ್ವರ್ಡ್ ಬೇಡ. ಗುಡ್ ಮಾರ್ನಿಂಗ್ ಹೂವಿನ ಚಿತ್ರವೂ ಬೇಡ.

ಸಿಂಧನೂರು ಕ್ಯಾಂಪ್: ಮೇಡಂ, ಈ ಸಲ ಜನವರಿಯಲ್ಲಿ ಎರಡನೇ ಬೆಳೆಗೆ ಕಾಲುವೆ ನೀರು ಬಿಡ್ತಾರಾ?

ಬೇಸಾಯ ಮೇಡಂ: ನಮಸ್ಕಾರ. ಅದನ್ನು ತೀರ್ಮಾನ ಮಾಡೋದು ನೀರಾವರಿ ಸಲಹಾ ಸಮಿತಿ, ನಾನಲ್ಲ. ಆದರೆ ಬಿಟ್ಟೇ ಬಿಡ್ತಾರೆ ಅಂತ ಬೀಜ, ಸಾಲ ರೆಡಿ ಮಾಡಿಕೊಂಡು ಕೂರಬೇಡಿ. ತುಂಗಭದ್ರಾ ಡ್ಯಾಂ ಕಟ್ಟಿದಾಗ 133 ಟಿಎಂಸಿ ಹಿಡೀತಿತ್ತು. ಹೂಳು ತುಂಬಿ ಈಗ 105ರ ಆಸುಪಾಸು. 2023ರ ಬರ ನೆನಪಿದೆ ಅಲ್ವಾ? ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಗಿತ್ತು. ಮರುವರ್ಷ 2024ರ ಆಗಸ್ಟ್‌ನಲ್ಲಿ ಡ್ಯಾಂ ತುಂಬಿತು, 19ನೇ ಗೇಟು ಚೈನ್ ಕಿತ್ತುಕೊಂಡು ಹೋಯಿತು. ನೀರು ಇಲ್ಲದ ವರ್ಷವೂ ಕಷ್ಟ, ಇರುವ ವರ್ಷವೂ ಕಷ್ಟ. ನೀರು ಬಾರದಿದ್ದರೆ ಏನು ಬಿತ್ತುತ್ತೀರಿ ಅನ್ನೋದನ್ನು ಮೊದಲು ಯೋಚಿಸಿ. ಕಡಲೆ, ಹಿಂಗಾರಿ ಜೋಳ ನಿಮ್ಮ ಮಣ್ಣಿಗೆ ಬರುತ್ತವೆ.

ಯಲಬುರ್ಗಾ ಎರೆಹೊಲ: ಮೇಡಂ, ಕಡಲೆ ಈಗಲೇ ಬಿತ್ತಬಹುದಾ? ಹಸಿ ಚೆನ್ನಾಗಿದೆ. ಆಮೇಲೆ ಮಳೆ ಬರುತ್ತೋ ಇಲ್ಲವೋ.

ಬೇಸಾಯ ಮೇಡಂ: ಬೇಡ. ಈಗಿನ ಮಣ್ಣು ಬೆಚ್ಚಗಿದೆ. ಬೆಚ್ಚಗಿನ ಮಣ್ಣಿನಲ್ಲಿ ಬಿತ್ತಿದ ಕಡಲೆ ಬೇಗ ಸೊರಗುತ್ತದೆ. ಅಕ್ಟೋಬರ್‌ವರೆಗೆ ತಡೆಯಿರಿ. ಅಲ್ಲಿಯವರೆಗೆ ಹಸಿ ಆರಬಾರದು ಅಂದರೆ ಕುಂಟೆ ಹೊಡೆದು ಮೇಲಿನ ಮಣ್ಣು ಪುಡಿ ಮಾಡಿಡಿ, ಬಿರುಕು ಬಿಡಬಾರದು. ಬೀಜಕ್ಕೆ ಜೆಜಿ-11 ತಳಿ ಸಾಕು. ಮಷಿನ್‌ನಲ್ಲಿ ಕೊಯ್ಯಿಸುವವರು ಎತ್ತರ ಬೆಳೆಯುವ ಜಿಬಿಎಂ-2 ನೋಡಿ. ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗ ತಡೆಯುವ ಒಳ್ಳೆ ಶಿಲೀಂಧ್ರ) ಹಚ್ಚಿ, ನೆರಳಲ್ಲಿ ಆರಿಸಿ.

ಕುಷ್ಟಗಿ ದಾಳಿಂಬೆ: ಮೇಡಂ ನಮಸ್ಕಾರ. ಎರಡು ಎಕರೆ ದಾಳಿಂಬೆ. ಮಳೆ ನಿಂತ ಮೇಲೆ ಕಾಯಿ ಮೇಲೆ ಎಣ್ಣೆ ಚುಕ್ಕೆ ಥರ ಬಂದಿದೆ, ಕೆಲವು ಸೀಳುತ್ತಿವೆ. ಏನು ಮಾಡಲಿ?

ಲಿಂಗಸುಗೂರು ತೊಗರಿ: ಮೇಡಂ, ಆರು ಎಕರೆ ತೊಗರಿ, ಕರಿ ಮಣ್ಣು. ಮೇ ಕೊನೆಗೆ ರೋಹಿಣಿ ಮಳೆಗೆ ಬಿತ್ತಿದ್ದೆ. ಮೊಳಕೆ ಬಂದು 20 ದಿನ ಮಳೆ ಇಲ್ಲದೆ ಒಣಗಿತು. ಜೂನ್ ಕೊನೆಗೆ ಆರಿದ್ರಾ ಮಳೆಗೆ ಎರಡನೇ ಸಲ ಬಿತ್ತಿದೆ. ಚೆನ್ನಾಗಿ ಎದ್ದಿತ್ತು. ಮೊನ್ನೆ ಒಂದೇ ರಾತ್ರಿ ಹೊಡೆದ ಮಳೆಗೆ ಎರಡು ದಿನ ನೀರು ನಿಂತಿತು. ಈಗ ಬಿಸಿಲು ಬಿದ್ದಿದೆ, ಗಿಡ ಬಾಡುತ್ತಿವೆ. ಅಂಗಡಿಯವರು ನೆಟೆ ರೋಗ ಅಂದರು. ಮೂರು ಬಾಟಲಿ ಕೊಟ್ಟಿದ್ದಾರೆ, 2,850 ರೂಪಾಯಿ. ಸಂಜೆ ಮೂರನ್ನೂ ಕೂಡಿಸಿ ಹೊಡೀತೀನಿ.

ಬೇಸಾಯ ಮೇಡಂ: ನಿಲ್ಲಿ. ಹೊಡೀಬೇಡಿ. ಮೊದಲು ಬಾಟಲಿ ಮೇಲೆ ಏನು ಬರೆದಿದೆ ಓದಿ ಹೇಳಿ.

ಲಿಂಗಸುಗೂರು ತೊಗರಿ: ಒಂದು ಹುಳ ಸಾಯಿಸುವ ಎಣ್ಣೆ. ಒಂದು ಹಾರ್ಮೋನ್ ಟಾನಿಕ್. ಇನ್ನೊಂದಕ್ಕೆ ಚೀಟಿ ಇಲ್ಲ, ಬರೀ ಹಸಿರು ಮುಚ್ಚಳ.

ಬೇಸಾಯ ಮೇಡಂ: ಬೇರು ಉಸಿರುಗಟ್ಟಿದ ಗಿಡಕ್ಕೆ ಹುಳದ ಎಣ್ಣೆ ಯಾಕೆ? ಚೀಟಿ ಇಲ್ಲದ್ದನ್ನು ಮುಟ್ಟಲೇಬೇಡಿ, ಬಿಲ್ ಕೇಳಿ, ವಾಪಸ್ ಕೊಡಿ. ಈಗ ಹೊಲಕ್ಕೆ ಹೋಗಿ. ನೀರು ನಿಂತಿದ್ದ ತಗ್ಗಿನಲ್ಲಿ ಎರಡು ಗಿಡ ಕೀಳಿ, ನೀರು ನಿಲ್ಲದ ದಿಬ್ಬದಲ್ಲಿ ಬಾಡಿದ ಎರಡು ಗಿಡ ಕೀಳಿ. ಜಗ್ಗಬೇಡಿ, ಸಲಿಕೆಯಿಂದ ಬೇರು ಸಮೇತ ಎತ್ತಿ. ಕಾಂಡದ ಬುಡ ಚಾಕುವಿನಿಂದ ಉದ್ದಕ್ಕೆ ಸೀಳಿ. ಬೇರಿನ ಗಂಟು (ಸಾರಜನಕ ಹಿಡಿಯುವ ಗುಳ್ಳೆ) ಹಿಚುಕಿ ನೋಡಿ, ಒಳಗೆ ಯಾವ ಬಣ್ಣ ಇದೆ ಹೇಳಿ. ನಾನು ಕಾಯ್ತೀನಿ.

ಮಸ್ಕಿ ಹಿರಿಯ: ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ. ಬಂದಿದ್ದು ಬಂದ ಹಾಗೆ: "ತೊಗರಿ ಬಾಡಿದರೆ, ಹೂ ಉದುರಿದರೆ 15 ಲೀಟರ್ ಟ್ಯಾಂಕಿಗೆ ಒಂದು ಕ್ವಾರ್ಟರ್ ಸಾರಾಯಿ, ಒಂದು ಹಿಡಿ ಉಪ್ಪು, ಒಂದು ಶಾಂಪೂ ಪ್ಯಾಕೆಟ್. ಮೂರೇ ದಿನದಲ್ಲಿ ಹಸಿರು. ಹತ್ತು ಜನಕ್ಕೆ ಕಳಿಸಿ."

ಬೇಸಾಯ ಮೇಡಂ: ಹತ್ತು ಜನಕ್ಕೆ ಕಳಿಸಬೇಡಿ. ಮೊದಲೇ ಸವಳು ಏರುತ್ತಿರುವ ಸೀಮೆ ಇದು, ಅದಕ್ಕೆ ಉಪ್ಪು ಬೇರೆ ಹೊಡೀತೀರಾ? ಸಾರಾಯಿಯಿಂದ ತೊಗರಿಗೆ ಏನೂ ಆಗಲ್ಲ, ಟ್ಯಾಂಕ್ ಹೊತ್ತವನಿಗೆ ಆಗಬಹುದು. ಹೂ ಉದುರೋದಕ್ಕೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಅನ್ನೋ ಪೋಷಕಾಂಶ ಮಿಶ್ರಣ ಇದೆ. ಲೀಟರಿಗೆ 10 ಗ್ರಾಂ, ಅರ್ಧ ಹೂ ಬಂದಾಗ ಒಮ್ಮೆ, 15 ದಿನ ಬಿಟ್ಟು ಇನ್ನೊಮ್ಮೆ. ಅದೂ ಗಿಡ ಆರೋಗ್ಯವಾಗಿದ್ದರೆ ಮಾತ್ರ.

ಮಸ್ಕಿ ಹಿರಿಯ: ನಾನೇನು ಹೊಡೀರಿ ಅಂದಿಲ್ಲ ಮೇಡಂ, ಬಂದಿದ್ದನ್ನು ಹಾಕಿದೆ. ಆದರೆ ಹಿರಿಯರ ಲೆಕ್ಕ ಸುಳ್ಳಲ್ಲ. "ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ" ಅಂತ ಸುಮ್ನೆ ಹೇಳಿದ್ದಾರಾ?

ಮಾನ್ವಿ ಕೊನೆಭಾಗ: ಗಾದೆ ಜೋಳದ್ದು ಅಜ್ಜಾರೇ. ಅವರು ಬಿತ್ತಿದ್ದು ತೊಗರಿ.

ಮಸ್ಕಿ ಹಿರಿಯ: ಮೊಬೈಲ್ ನೋಡಿ ಬಿತ್ತಿದವರ ಹೊಲವೂ ನೋಡಿದ್ದೇನೆ. ನಾಳೆ ಮಳೆ ಅಂತ ತೋರಿಸುತ್ತೆ, ಪಕ್ಕದ ತಾಲ್ಲೂಕಿಗೆ ಬರುತ್ತೆ.

ಸಿಂಧನೂರು ಕ್ಯಾಂಪ್: ಮೇಡಂ, ಜನವರಿ ನೀರಿನ ಬಗ್ಗೆ ಏನಾದರೂ ಗೊತ್ತಾಯಿತಾ?

ಬೇಸಾಯ ಮೇಡಂ: ಮೇಲೆ ಓದಿ.

ಸಿರುಗುಪ್ಪ ಮೆಣಸಿನಕಾಯಿ: ಬ್ಯಾಡಗಿ ಮೆಣಸು ಮೂರು ಎಕರೆ. ಹೂವಿನೊಳಗೆ ಕಪ್ಪು ನುಸಿ ಶುರುವಾಗಿದೆ. ಎರಡು ವರ್ಷದ ಹಿಂದೆ ಇದೇ ನುಸಿಗೆ ಪೂರ್ತಿ ಬೆಳೆ ಹೋಗಿತ್ತು. ಈ ಸಲ ನಾಲ್ಕು ಔಷಧಿ ಕೂಡಿಸಿ ಹೊಡೆಯೋಣ ಅಂತಿದ್ದೇನೆ.

ಬೇಸಾಯ ಮೇಡಂ: ಕೂಡಿಸಬೇಡಿ. ಪೈರಿಥ್ರಾಯ್ಡ್ ಜಾತಿಯ ಕೀಟನಾಶಕ ಹೊಡೆದರೆ ನುಸಿ ತಿನ್ನುವ ಹುಳ ಸತ್ತು ನುಸಿ ಇನ್ನೂ ಜಾಸ್ತಿ ಆಗುತ್ತದೆ. ನೀಲಿ ಅಂಟುಬಲೆ ಹಾಕಿ, ಬೇವಿನೆಣ್ಣೆ ಹೊಡೆಯಿರಿ. ಆಮೇಲೆ ಬೇಕಾದರೆ ಒಂದೇ ಔಷಧಿ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಲಿಂಗಸುಗೂರು ತೊಗರಿ: ಮೇಡಂ, ಬಂದೆ. ತಗ್ಗಿನ ಗಿಡ: ಸೀಳಿದರೆ ಒಳಗೆ ಬೆಳ್ಳಗಿದೆ. ಸಣ್ಣ ಬೇರು ಮೆತ್ತಗಾಗಿ ಕೈಗೆ ಕಿತ್ತು ಬರುತ್ತಿವೆ, ಕೆಟ್ಟ ವಾಸನೆ. ಗಂಟು ಹಿಚುಕಿದರೆ ಕಂದು ನೀರು. ದಿಬ್ಬದ ಗಿಡ: ಬೇರು ಗಟ್ಟಿ ಇದೆ. ಆದರೆ ತೊಗಟೆ ಸುಲಿದರೆ ಒಳಗೆ ಕಪ್ಪು ಗೆರೆ, ಬುಡದಿಂದ ಮೊಣಕಾಲೆತ್ತರದವರೆಗೆ. ಒಂದು ಗಿಡದಲ್ಲಿ ಒಂದೇ ಕಡೆಯ ಕೊಂಬೆ ಬಾಡಿದೆ, ಇನ್ನೊಂದು ಕಡೆ ಹಸಿರು.

ಬೇಸಾಯ ಮೇಡಂ: ನೀವು ತುಂಬಾ ಚೆನ್ನಾಗಿ ನೋಡಿದ್ದೀರಿ. ನನಗೆ ಇದೇ ಅನುಮಾನ ಇತ್ತು. ಒಂದೇ ಹೊಲ, ಎರಡು ಕಾಯಿಲೆ. ಸ್ವಲ್ಪ ಉದ್ದ ಬರೆಯುತ್ತೇನೆ, ಉಳಿದವರು ಮಧ್ಯೆ ಮಾತಾಡಬೇಡಿ.

ತಗ್ಗಿನಲ್ಲಿರುವುದು ರೋಗ ಅಲ್ಲ. ಕರಿ ಮಣ್ಣು ನೀರು ಕುಡಿದು ಉಬ್ಬಿತು, ಒಳಗೆ ಗಾಳಿ ಇಲ್ಲ, ಬೇರು ಸತ್ತವು. ಗಂಟು ಬದುಕಿದ್ದರೆ ಒಳಗೆ ನಸುಗೆಂಪು ಇರುತ್ತದೆ, ಕಂದು ಅಂದರೆ ಸತ್ತಿದೆ. ಬೇರೇ ಇಲ್ಲದ ಗಿಡಕ್ಕೆ ಬಿಸಿಲು ಬಿದ್ದಾಗ ನೀರು ಎಳೆಯಲು ಆಗಲ್ಲ. ಅದಕ್ಕೇ ನೀರಲ್ಲಿ ನಿಂತಾಗ ಚೆನ್ನಾಗಿದ್ದ ಗಿಡ ನೀರು ಇಳಿದ ಮೇಲೆ ಬಾಡಿತು.

ಇವತ್ತೇ ಮಾಡಬೇಕಾದ್ದು ಉಳಿದ ನೀರು ಹೊರಹಾಕುವುದು. ಪ್ರತಿ ಐದಾರು ಸಾಲಿಗೆ ಒಂದು ಕಾಲುವೆ ಎಳೆದು ಹಳ್ಳದ ಕಡೆ ತಿರುಗಿಸಿ. ಮಣ್ಣು ಹದಕ್ಕೆ ಬಂದ ಮೇಲೆ, ಸಾಲು ಇನ್ನೂ ಕೂಡಿಲ್ಲದಿದ್ದರೆ ಒಂದು ಎಡೆ ಹೊಡೆಯಿರಿ. ಹೊಸ ಚಿಗುರು ಕಂಡರೆ ಲೀಟರಿಗೆ 20 ಗ್ರಾಂ ಯೂರಿಯಾ ಕರಗಿಸಿ ಎಲೆಗೆ ಹೊಡೆಯಿರಿ, ಸಂಜೆ ಹೊತ್ತು. ಚಿಗುರು ಬಾರದ ಗಿಡಕ್ಕೆ ಒಂದು ರೂಪಾಯಿಯೂ ಹಾಕಬೇಡಿ.

ದಿಬ್ಬದ್ದು ನಿಜವಾದ ನೆಟೆ ರೋಗ. ಆ ಕಪ್ಪು ಗೆರೆ ನೀರು ಏರುವ ನಾಳ, ಶಿಲೀಂಧ್ರ ಅದನ್ನು ಕಟ್ಟಿಹಾಕಿದೆ. ಅದಕ್ಕೇ ಒಂದು ಕಡೆಯ ಕೊಂಬೆ ಮಾತ್ರ ಬಾಡಿದ್ದು. ಬಂದ ಗಿಡಕ್ಕೆ ಔಷಧಿ ಇಲ್ಲ. ಯಾರು ಏನೇ ಮಾರಿದರೂ ಇಲ್ಲ. ಕಿತ್ತು ಹೊಲದ ಹೊರಗೆ ಸುಡಿ. ಆ ಕೂಳೆಯಲ್ಲಿ ರೋಗ ಸುಮಾರು ಮೂರು ವರ್ಷ ಬದುಕುತ್ತದೆ. ಅಲ್ಲಿ ಮುಂದೆ ಜೋಳ ಹಾಕಿ. ತೊಗರಿಯೇ ಬೇಕು ಅಂದರೆ ನೆಟೆ ತಡೆಯುವ ಟಿಎಸ್-3ಆರ್ ಅಥವಾ ಜಿಆರ್‌ಜಿ-811 ತಳಿ.

ಈಗ ನನಗೆ ಹೆಚ್ಚು ಚಿಂತೆ ಇರುವ ವಿಷಯ. ನೀವು ಎರಡು ಸಲ ಬಿತ್ತಿದ್ದೀರಿ. ನಿಮ್ಮೊಬ್ಬರ ಕಥೆ ಅಲ್ಲ ಇದು, ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿ ಕೇಳ್ತಾ ಇದ್ದೇನೆ. ಮೊದಲ ಮಳೆ ಬೇಗ ಬರುತ್ತೆ, ಜೋರಾಗಿ ಬರುತ್ತೆ, ಎಲ್ಲರೂ ಕೂರಿಗೆ ಹೂಡ್ತಾರೆ. ಆಮೇಲೆ ಮೂರು ವಾರ ಮಾಯ. ಕರಿ ಮಣ್ಣಿಗೆ ಒಂದು ಮಳೆ ಸಾಲದು. ಒಂದು ಗೇಣು ಅಗೆದು ನೋಡಿ. ತಳದ ಮಣ್ಣು ಹಿಡಿದರೆ ಉಂಡೆ ಕಟ್ಟಬೇಕು, ಬಿಟ್ಟರೆ ಒಡೆಯಬೇಕು. ಅಲ್ಲಿವರೆಗೆ ಬಿತ್ತಬೇಡಿ, ಪಕ್ಕದವರು ಬಿತ್ತಿದರೂ.

ಕಾಯೋಕೆ ಧೈರ್ಯ ಇಲ್ಲದಿದ್ದರೆ ನಾಟಿ ತೊಗರಿ ನೋಡಿ. ಬೀದರ್, ಕಲಬುರಗಿ ಕಡೆ ಮಾಡ್ತಾರೆ. ಮೇ ತಿಂಗಳಲ್ಲಿ ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು, ಗೊಬ್ಬರ ತುಂಬಿ ಎರಡೆರಡು ಕಾಳು ಹಾಕಿ ಮನೆ ಹಿತ್ತಲಲ್ಲೇ ಬೆಳೆಸೋದು. ಮಳೆ ನಿಜವಾಗಿ ಹಿಡಿದ ಮೇಲೆ ಒಂದು ತಿಂಗಳ ಸಸಿ ಹೊಲಕ್ಕೆ. ಮಳೆ ತಡವಾದರೂ ಬೆಳೆ ತಡ ಆಗಲ್ಲ. ಕೂಲಿ ಜಾಸ್ತಿ, ಅದು ನಿಜ. ಆರು ಎಕರೆಗೂ ಬೇಡ, ಒಂದು ಎಕರೆ ಮಾಡಿ ನೋಡಿ. ತಗ್ಗಿನಲ್ಲಿ ಮಾತ್ರ ಬೋದು ಎತ್ತಿ, ಬೋದಿನ ಮೇಲೆ ನಾಟಿ ಮಾಡಿ.

ಕೊನೆಗೆ, ಬೆಳೆ ವಿಮೆ ಕಟ್ಟಿದ್ದೀರಾ? ನೀರು ನಿಂತು 72 ಗಂಟೆಯೊಳಗೆ ತಿಳಿಸಬೇಕು. ಸಹಾಯವಾಣಿ 14447ಕ್ಕೆ ಈಗಲೇ ಫೋನ್ ಮಾಡಿ.

ಲಿಂಗಸುಗೂರು ತೊಗರಿ: ಕಟ್ಟಿದ್ದೇನೆ. ನಾಳೆ ಬೆಳಗ್ಗೆಗೆ 72 ಗಂಟೆ ಮುಗಿಯುತ್ತೆ. ಈಗಲೇ ಮಾಡ್ತೀನಿ.

ಕುಷ್ಟಗಿ ದಾಳಿಂಬೆ: ಮೇಡಂ, ನನ್ನ ಪ್ರಶ್ನೆ ಮೇಲೆ ಹೋಗಿಬಿಟ್ಟಿದೆ. ದಾಳಿಂಬೆ, ಎಣ್ಣೆ ಚುಕ್ಕೆ.

ಗಂಗಾವತಿ ಸೋನಾ: ತೊಗರಿ ತೊಗರಿ ಅಂತ ಒಂದು ಗಂಟೆ ಆಯಿತು. ಭತ್ತದವರು ಏನು ಮಾಡಬೇಕು ಹೇಳಿ.

ಮಾನ್ವಿ ಕೊನೆಭಾಗ: ಭತ್ತದವರು ಸ್ವಲ್ಪ ನೀರು ಕೆಳಗೆ ಬಿಡಬೇಕು.

ಗಂಗಾವತಿ ಸೋನಾ: ಇಲ್ಲಿ ರಾಜಕೀಯ ಬೇಡ.

ಮಾನ್ವಿ ಕೊನೆಭಾಗ: ರಾಜಕೀಯ ಎಲ್ಲಿ ಬಂತು? ತುಂಗಭದ್ರಾ ಎಡದಂಡೆ ಕಾಲುವೆಯನ್ನು ಹೆಚ್ಚಾಗಿ ಅರೆ ನೀರಾವರಿ ಬೆಳೆಗೆ ಅಂತ ಮಾಡಿದ್ದು. ಜೋಳ, ಶೇಂಗಾ, ಹತ್ತಿ. ನೀವು ಗೇಣುದ್ದ ನೀರು ನಿಲ್ಲಿಸಿ ಸೋನಾ ಭತ್ತ ಬೆಳೀತೀರಿ, ರಾತ್ರಿ ಕಾಲುವೆಗೆ ಪಂಪ್‌ಸೆಟ್ ಇಡ್ತೀರಿ. ನಮ್ಮ ಉಪಕಾಲುವೆಯಲ್ಲಿ ಹುಡುಗರು ಕ್ರಿಕೆಟ್ ಆಡ್ತಾರೆ.

ಗಂಗಾವತಿ ಸೋನಾ: ಪಂಪ್‌ಸೆಟ್ ಇಟ್ಟಿದ್ದು ನೋಡಿದ್ದೀರಾ? ಐವತ್ತು ವರ್ಷ ನೀರು ಹಾಯಿಸಿ ನಮ್ಮ ನೆಲ ಸವಳಾಗಿದೆ. ಭತ್ತ ಬಿಟ್ಟು ಬೇರೆ ಏನು ಹಾಕಿದರೂ ಮೊಳಕೆಯೇ ಬರಲ್ಲ. ನಿಮ್ಮ ಶೇಂಗಾ ತಂದು ಬಿತ್ತಿ ತೋರಿಸಿ.

ಸಿಂಧನೂರು ಕ್ಯಾಂಪ್: ಇಬ್ಬರದೂ ಬಿಡಿ, ಎರಡನೇ ಬೆಳೆಗೆ ನೀರು

ಬೇಸಾಯ ಮೇಡಂ: ಮೂರನೇ ಸಲ. ದಯವಿಟ್ಟು.

ಗಂಗಾವತಿಯವರಿಗೆ: ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ನಿಮ್ಮೂರಲ್ಲೇ ಕೃಷಿ ಸಂಶೋಧನಾ ಕೇಂದ್ರ ಇದೆ. ರಸಸಾರ (ಪಿಎಚ್) ಜಾಸ್ತಿ ಇದ್ದು ಮಣ್ಣು ಕ್ಷಾರ ಆಗಿದ್ದರೆ ಜಿಪ್ಸಂ ಕೆಲಸ ಮಾಡುತ್ತದೆ. ಬರೀ ಉಪ್ಪು ಇದ್ದರೆ ಜಿಪ್ಸಂ ದಂಡ, ಬಸಿಗಾಲುವೆ ತೆಗೆದು ಉಪ್ಪು ತೊಳೆಯಬೇಕು. ಕಾಗದ ನೋಡದೆ ಚೀಲಗಟ್ಟಲೆ ಸುರಿಯಬೇಡಿ. ಮುಂದಿನ ಮುಂಗಾರಿಗೆ ಸವಳಿಲ್ಲದ ಜಾಗದಲ್ಲಿ ಕೂರಿಗೆ ಭತ್ತ (ನಾಟಿ ಮಾಡದೆ ನೇರ ಬಿತ್ತುವುದು) ಹಾಕಿ. ಕೆಸರು ಮಾಡುವ ನೀರು ಉಳಿಯುತ್ತದೆ, ಕಾಲುವೆಗೆ ಕಾಯದೆ ಮಳೆಯಲ್ಲೇ ಬಿತ್ತಬಹುದು. ಕಳೆ ಜಾಸ್ತಿ ಬರುತ್ತೆ, ಅದಕ್ಕೆ ತಯಾರಿರಿ. ಎಳೆ ಪೈರು ಹಳದಿಯಾದರೆ ಯೂರಿಯಾ ಸುರಿಯಬೇಡಿ, ಅದು ಕಬ್ಬಿಣದ ಕೊರತೆ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಹೊಡೆಯಿರಿ.

ಮಾನ್ವಿಯವರಿಗೆ: ನಿಮ್ಮ ದೂರು ಸರಿ ಇದೆ. ಆದರೆ ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ.

ಗಂಗಾವತಿ ಸೋನಾ: ಅಂದರೆ ನಾವು ಕಳ್ಳರು ಅಂತಲಾ?

ಮಾನ್ವಿ ಕೊನೆಭಾಗ: ಮೇಡಂ ಹಾಗೆ ಅಂದಿಲ್ಲ. ನೀವೇ ಅಂದುಕೊಂಡಿರಿ.

ಅಡ್ಮಿನ್: ಇಬ್ಬರಿಗೂ ಎಚ್ಚರಿಕೆ. ಇನ್ನೊಂದು ಮೆಸೇಜ್ ಬಂದರೆ ತೆಗೆಯುತ್ತೇನೆ.

ಮಸ್ಕಿ ಹಿರಿಯ: ಇನ್ನೊಂದು ಬಂದಿದೆ. "ಕೃಷಿ ಹೊಂಡಕ್ಕೆ ಒಂದು ಚೀಲ ಉಪ್ಪು ಹಾಕಿದರೆ ನೀರು ಇಂಗುವುದಿಲ್ಲ..."

ಬೇಸಾಯ ಮೇಡಂ: ಹಾಕಬೇಡಿ. ಅದೇ ನೀರು ತಾನೇ ಬೆಳೆಗೆ ಬಿಡೋದು? ಪ್ಲಾಸ್ಟಿಕ್ ಹಾಳೆ ಹಾಸಿ. ಹಿರಿಯರೇ, ನಿಮ್ಮ ಮೇಲೆ ಗೌರವ ಇದೆ. ಆ ಫೋನ್ ಇವತ್ತೊಂದು ದಿನ ಬೇರೆಯವರಿಗೆ ಕೊಡಿ.

ಮಸ್ಕಿ ಹಿರಿಯ: 👍 ಆಯಿತಮ್ಮ.

ಲಿಂಗಸುಗೂರು ತೊಗರಿ: ಮೇಡಂ, ವಿಮೆಗೆ ಹೇಳಿದೆ, ನಂಬರ್ ಕೊಟ್ಟರು. ನೀರೂ ಇಳೀತಾ ಇದೆ. ಹಳ್ಳ ದೂರ ಇತ್ತು, ಕೆಳಗಿನ ಬದು ಒಡೆದುಬಿಟ್ಟೆ.

ಪಕ್ಕದ ಹೊಲ: ಆ ಕೆಳಗಿನ ಬದು ಯಾರದು ಅಂತ ಗೊತ್ತಾ? ನಾನೂ ಇದೇ ಗುಂಪಿನಲ್ಲಿದ್ದೇನೆ. ನಿಮ್ಮ ನೀರು ಈಗ ನನ್ನ ಹತ್ತಿಯಲ್ಲಿ ನಿಂತಿದೆ. ಕಾಯಿ ಒಡೆಯೋ ಹೊತ್ತು. ಮೇಡಂ, ನೀವೇ ಹೇಳಿದ್ದಂತೆ!

ಬೇಸಾಯ ಮೇಡಂ: ಹಳ್ಳದ ಕಡೆ ಅಂತ ಬರೆದಿದ್ದೇನೆ, ಮೇಲೆ ಇದೆ, ಓದಿ. ಲಿಂಗಸುಗೂರಿನವರೇ, ಸಲಿಕೆ ತೆಗೆದುಕೊಂಡು ಅವರ ಹೊಲಕ್ಕೆ ಹೋಗಿ. ಇಬ್ಬರೂ ಸೇರಿ ಹಳ್ಳದವರೆಗೆ ಒಂದೇ ಕಾಲುವೆ ಎಳೆಯಿರಿ, ಇವತ್ತೇ. ಕತ್ತಲಾಗೋಕೆ ಇನ್ನೂ ಎರಡು ಗಂಟೆ ಇದೆ.

ಪಕ್ಕದ ಹೊಲ: ಅವರು ಮೊದಲು ಫೋನ್ ಎತ್ತಲಿ.

ಕುಷ್ಟಗಿ ದಾಳಿಂಬೆ: ದಾಳಿಂಬೆಯವರು ಈ ಗುಂಪಿನಲ್ಲಿ ಬೇರೆ ಯಾರಾದರೂ ಇದ್ದೀರಾ?