ಪ್ರಶ್ನೋತ್ತರ: ಇಸ್ಲಾಂ ಆರಂಭವಾದದ್ದು ಯಾವಾಗ, ಅದರ ಮೂಲ ನಂಬಿಕೆಗಳು ಯಾವುವು?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ಹಾವೇರಿ ಜಿಲ್ಲೆ): ನಮಸ್ಕಾರ ಸರ್. ತರಗತಿಯಲ್ಲಿ ಇಸ್ಲಾಂ ಧರ್ಮದ ಪಾಠ ಮಾಡುವಾಗ ಅದು ಯಾವಾಗ ಆರಂಭವಾಯಿತು ಎಂದು ಕೇಳಿದೆ. ಒಬ್ಬ ಹುಡುಗ 610 ಎಂದ. ಇನ್ನೊಬ್ಬ ಹಿಜರಿ ಶಕೆ ಶುರುವಾದ 622 ಎಂದ. ಮುಸ್ಲಿಂ ಹುಡುಗಿಯೊಬ್ಬಳು ಎದ್ದು ನಿಂತು, ಆದಮರ ಕಾಲದಿಂದಲೇ ಇಸ್ಲಾಂ ಇದೆ ಎಂದಳು. ಇವುಗಳಲ್ಲಿ ಯಾವುದನ್ನು ಸರಿ ಎಂದು ಹೇಳಬೇಕು?

ಉತ್ತರ (ನಿವೃತ್ತ ಇತಿಹಾಸ ಪ್ರಾಧ್ಯಾಪಕ): ನಮಸ್ಕಾರ ಮೇಡಂ. ಮೂವರೂ ಸರಿಯಾಗಿಯೇ ಹೇಳಿದ್ದಾರೆ. ಆದರೆ ಒಬ್ಬೊಬ್ಬರೂ ಉತ್ತರಿಸಿರುವುದು ಬೇರೆ ಬೇರೆ ಪ್ರಶ್ನೆಗೆ. ಮೊದಲಿನವನದು ಸಂದೇಶ ಯಾವಾಗ ಬಂತು ಎಂಬುದಕ್ಕೆ, ಎರಡನೆಯವನದು ಸಮುದಾಯ ಯಾವಾಗ ರೂಪುಗೊಂಡಿತು ಎಂಬುದಕ್ಕೆ, ಆ ಹುಡುಗಿಯದು ಮುಸ್ಲಿಮರು ತಮ್ಮ ಧರ್ಮವನ್ನು ಹೇಗೆ ಕಾಣುತ್ತಾರೆ ಎಂಬುದಕ್ಕೆ ಉತ್ತರ.

ಆರನೆಯ ಶತಮಾನದ ಮೆಕ್ಕಾ ಬೇಸಾಯಕ್ಕೆ ಬಾರದ ಕಲ್ಲು ಕಣಿವೆ. ಅಲ್ಲಿಯ ಕುರೈಷ್ ಬುಡಕಟ್ಟಿನವರಿಗೆ ಜೀವನಾಧಾರವಾಗಿದ್ದದ್ದು ಯೆಮನ್ ಮತ್ತು ಸಿರಿಯಾ ಕಡೆಗೆ ಹೋಗುತ್ತಿದ್ದ ಒಂಟೆ ಸಾರ್ಥಗಳ ವ್ಯಾಪಾರ ಹಾಗೂ ಕಾಬಾ ಗುಡಿಗೆ ಬರುತ್ತಿದ್ದ ಯಾತ್ರಿಕರು. ಕಾಬಾದೊಳಗೆ ಹುಬಲ್ ಎಂಬ ದೇವತೆಯ ಮೂರ್ತಿಯಿತ್ತು. ಸುತ್ತಲಿನ ಬುಡಕಟ್ಟುಗಳು ಅಲ್-ಲಾತ್, ಅಲ್-ಉಝ್ಝಾ, ಮನಾತ್ ಎಂಬ ದೇವಿಯರನ್ನು ಪೂಜಿಸುತ್ತಿದ್ದವು. ಯಹೂದಿಗಳೂ ಕ್ರೈಸ್ತರೂ ಅರೇಬಿಯಾದ ಬೇರೆ ಬೇರೆ ಭಾಗಗಳಲ್ಲಿದ್ದುದರಿಂದ ಒಬ್ಬನೇ ದೇವರು ಎಂಬ ಮಾತು ಅಲ್ಲಿಯವರ ಕಿವಿಗೆ ಹೊಸದೇನೂ ಆಗಿರಲಿಲ್ಲ.

ಇಂತಹ ಊರಿನಲ್ಲಿ ಸುಮಾರು 570ರಲ್ಲಿ ಮುಹಮ್ಮದರು ಜನಿಸಿದರು. ಅವರು ಹುಟ್ಟುವ ಮೊದಲೇ ತಂದೆ ಅಬ್ದುಲ್ಲಾ ತೀರಿಹೋಗಿದ್ದರು. ಆರು ವರ್ಷವಾದಾಗ ತಾಯಿ ಆಮಿನಾ ಕೂಡ ಇಲ್ಲವಾದರು. ಮೊದಲು ಅಜ್ಜ ಅಬ್ದುಲ್ ಮುತ್ತಲಿಬ್, ಬಳಿಕ ದೊಡ್ಡಪ್ಪ ಅಬೂ ತಾಲಿಬ್ ಸಾಕಿದರು. ಖದೀಜಾ ಎಂಬ ಶ್ರೀಮಂತ ವ್ಯಾಪಾರಿ ಮಹಿಳೆಯ ಸರಕನ್ನು ಸಿರಿಯಾಕ್ಕೆ ಒಯ್ದು ಪ್ರಾಮಾಣಿಕವಾಗಿ ಲೆಕ್ಕ ಒಪ್ಪಿಸಿದ ಯುವಕನನ್ನು ಆಕೆಯೇ ಮೆಚ್ಚಿ ಮದುವೆಯಾದರು ಎಂದು ಚರಿತ್ರೆಗಳು ಹೇಳುತ್ತವೆ. 610ರ ರಮಝಾನ್ ತಿಂಗಳಲ್ಲಿ, ಮೆಕ್ಕಾದ ಹೊರಗಿನ ಬೆಟ್ಟದ ಹಿರಾ ಗುಹೆಯಲ್ಲಿ ಅವರು ಏಕಾಂತದಲ್ಲಿದ್ದಾಗ ದೇವದೂತ ಜಿಬ್ರೀಲ್ ಮೂಲಕ ಮೊದಲ ದಿವ್ಯವಾಣಿ ಬಂದಿತು ಎಂಬುದು ಮುಸ್ಲಿಮರ ನಂಬಿಕೆ. ಕುರಾನಿನ 96ನೆಯ ಅಧ್ಯಾಯದ ಮೊದಲ ಐದು ಸೂಕ್ತಗಳು ಅವೇ ಎನ್ನುತ್ತಾರೆ. ಮನೆಗೆ ನಡುಗುತ್ತ ಬಂದ ಗಂಡನಿಗೆ ಹೊದಿಕೆ ಹೊದಿಸಿ ಧೈರ್ಯ ಹೇಳಿದ ಖದೀಜಾ ಅವರೇ ಮೊದಲು ನಂಬಿದವರು.

ಆರಂಭದ ಸಂದೇಶದಲ್ಲಿ ದೇವರು ಒಬ್ಬನೇ ಎಂಬುದರ ಜೊತೆಗೆ, ಸತ್ತ ಮೇಲೆ ಪ್ರತಿಯೊಬ್ಬರೂ ಎದ್ದು ಲೆಕ್ಕ ಒಪ್ಪಿಸಬೇಕು, ಅನಾಥರನ್ನು ದಬ್ಬಬೇಡಿ, ಬಡವರಿಗೆ ಉಣಿಸಿ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕುರೈಷ್ ಮುಖಂಡರಿಗೆ ಇದು ಹಿಡಿಸದಿದ್ದುದಕ್ಕೆ ಯಾತ್ರೆಯ ಆದಾಯ ತಪ್ಪೀತೆಂಬ ಭಯವೊಂದೇ ಕಾರಣವೆಂದು ಹೇಳಿಬಿಡುವುದು ರೂಢಿ. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಕುಲದ ಅಭಿಮಾನಕ್ಕೆ, ಏಕೆಂದರೆ ತಮ್ಮ ಹಿರಿಯರೆಲ್ಲ ದಾರಿ ತಪ್ಪಿದ್ದರು ಎಂಬ ಮಾತನ್ನು ಕುಲವೇ ಸರ್ವಸ್ವವಾಗಿದ್ದ ಸಮಾಜ ಸಹಿಸಿಕೊಳ್ಳುವುದು ಕಷ್ಟ. 619ರಲ್ಲಿ ಖದೀಜಾ ಮತ್ತು ಅಬೂ ತಾಲಿಬ್ ಇಬ್ಬರೂ ತೀರಿಕೊಂಡಾಗ ಪ್ರವಾದಿಗೆ ಊರಿನಲ್ಲಿದ್ದ ರಕ್ಷಣೆ ಇಲ್ಲವಾಯಿತು. 622ರಲ್ಲಿ ಅವರು ಉತ್ತರದ ಯಸ್ರಿಬ್‌ಗೆ, ಅಂದರೆ ಮುಂದೆ ಮದೀನಾ ಎನಿಸಿದ ಊರಿಗೆ, ವಲಸೆ (ಹಿಜರತ್) ಹೋದರು. ಅಲ್ಲಿ ಮೆಕ್ಕಾದಿಂದ ಬಂದವರು, ಪರಸ್ಪರ ಕಾದಾಡುತ್ತಿದ್ದ ಔಸ್ ಮತ್ತು ಖಝ್ರಜ್ ಬುಡಕಟ್ಟುಗಳವರು, ಯಹೂದಿ ಗುಂಪುಗಳು ಎಲ್ಲರೂ ಸೇರಿ ಒಂದು ಒಡಂಬಡಿಕೆಗೆ ಬಂದರು. ರಕ್ತಸಂಬಂಧದ ಬದಲು ನಂಬಿಕೆಯೇ ಜನರನ್ನು ಕಟ್ಟಿದ ಸಮುದಾಯ ಹುಟ್ಟಿದ್ದು ಆಗ. ಎರಡನೆಯ ಖಲೀಫ (ಪ್ರವಾದಿಯ ನಂತರ ಸಮುದಾಯದ ನಾಯಕ) ಉಮರ್ ಕಾಲದಲ್ಲಿ ಶಕೆಯೊಂದು ಬೇಕಾದಾಗ ಪ್ರವಾದಿಯ ಜನನವನ್ನಾಗಲೀ ಮೊದಲ ದಿವ್ಯವಾಣಿಯನ್ನಾಗಲೀ ಆರಿಸದೆ ಈ ವಲಸೆಯ ವರ್ಷವನ್ನೇ ಆರಿಸಿದರು. ನಿಮ್ಮ ಎರಡನೆಯ ಹುಡುಗನ ಉತ್ತರದ ಹಿಂದಿರುವುದು ಈ ತೀರ್ಮಾನ.

ಇನ್ನು ಆ ಹುಡುಗಿಯ ಮಾತು. ಮುಸ್ಲಿಮರ ದೃಷ್ಟಿಯಲ್ಲಿ ಮುಹಮ್ಮದರು ಹೊಸ ಧರ್ಮವೊಂದನ್ನು ಸ್ಥಾಪಿಸಿದವರಲ್ಲ. ಆದಮ್, ನೂಹ್ (ನೋಹ), ಇಬ್ರಾಹೀಮ್ (ಅಬ್ರಹಾಮ), ಮೂಸಾ (ಮೋಶೆ), ಈಸಾ (ಯೇಸು) ಇವರೆಲ್ಲ ಸಾರಿದ ಒಂದೇ ಸತ್ಯವನ್ನು ಕೊನೆಯದಾಗಿ ತಂದ ಪ್ರವಾದಿ. ಹಾಗಾಗಿ "ಇಸ್ಲಾಮಿನ ಸ್ಥಾಪಕ" ಎಂಬ ಮಾತಿಗೆ ಅವರ ಒಪ್ಪಿಗೆಯಿಲ್ಲ, "ಮಹಮ್ಮದೀಯ ಧರ್ಮ" ಎಂಬ ಹಳೆಯ ಹೆಸರಿಗಂತೂ ಇಲ್ಲವೇ ಇಲ್ಲ. ತರಗತಿಯಲ್ಲಿ ನೀವು "ಮುಸ್ಲಿಮರ ನಂಬಿಕೆಯ ಪ್ರಕಾರ", "ಇತಿಹಾಸದ ಪ್ರಕಾರ" ಎಂದು ಎರಡನ್ನೂ ಬೇರೆ ಬೇರೆಯಾಗಿ ಹೇಳಿದರೆ ಯಾರ ಉತ್ತರವನ್ನೂ ಹೊಡೆದುಹಾಕಬೇಕಾಗುವುದಿಲ್ಲ.

ಪ್ರಶ್ನೆ (ಸದಸ್ಯರು, ಮೈಸೂರು): ಸರ್, ಪ್ರವಾದಿಯ ಜೀವನಚರಿತ್ರೆಗಳೆಲ್ಲ ಅವರು ತೀರಿಕೊಂಡು ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಬರೆದವು ಎಂದು ಓದಿದ್ದೇನೆ. ಹಾಗಿದ್ದರೆ ಇವನ್ನು ಇತಿಹಾಸ ಎನ್ನಬಹುದೇ?

ಉತ್ತರ: ನೀವು ಓದಿದ್ದು ನಿಜ. ಪ್ರವಾದಿ ನಿಧನರಾದದ್ದು 632ರಲ್ಲಿ. ನಮಗೆ ದೊರೆತಿರುವ ಮೊದಲ ವಿಸ್ತಾರವಾದ ಚರಿತ್ರೆ ಬರೆದ ಇಬ್ನ್ ಇಸ್‌ಹಾಕ್ ತೀರಿಕೊಂಡದ್ದು ಸುಮಾರು 767ರಲ್ಲಿ. ಅದು ಉಳಿದಿರುವುದೂ ಇಬ್ನ್ ಹಿಶಾಮ್ ಪರಿಷ್ಕರಿಸಿದ ರೂಪದಲ್ಲಿ. ಆದ್ದರಿಂದ ಅಲ್ಲಿರುವ ಸಂಭಾಷಣೆಗಳನ್ನು ಅಕ್ಷರಶಃ ದಾಖಲೆಯೆಂದು ಇತಿಹಾಸಕಾರರು ತೆಗೆದುಕೊಳ್ಳುವುದಿಲ್ಲ.

ಆದರೆ ಕುರಾನಿನ ಕಥೆ ಬೇರೆ. ಪರಂಪರೆಯ ಪ್ರಕಾರ ಮೊದಲ ಖಲೀಫ ಅಬೂಬಕರ್ ಕಾಲದಲ್ಲಿ ಝೈದ್ ಬಿನ್ ಸಾಬಿತ್ ಅದನ್ನು ಸಂಗ್ರಹಿಸಿದರು, ಮೂರನೆಯ ಖಲೀಫ ಉಸ್ಮಾನ್ ಸುಮಾರು 650ರಲ್ಲಿ ಏಕರೂಪದ ಪ್ರತಿ ಮಾಡಿಸಿ ಪ್ರಾಂತಗಳಿಗೆ ಕಳುಹಿಸಿದರು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿರುವ ಕುರಾನಿನ ಎರಡು ಹಾಳೆಗಳ ಚರ್ಮವು 568ರಿಂದ 645ರ ನಡುವಿನದು ಎಂದು ಇಂಗಾಲ ಪರೀಕ್ಷೆಯಿಂದ ತಿಳಿದುಬಂದಿರುವುದನ್ನು 2015ರಲ್ಲಿ ಪ್ರಕಟಿಸಲಾಯಿತು. ಅದು ಚರ್ಮದ ವಯಸ್ಸೇ ಹೊರತು ಬರವಣಿಗೆಯದಲ್ಲ ಎಂಬ ಎಚ್ಚರ ಇರಬೇಕು. ಆದರೂ ಪಠ್ಯದ ಪ್ರಾಚೀನತೆಗೆ ಅದು ಗಟ್ಟಿ ಆಧಾರ. ಹಿಜರಿ 72ರಲ್ಲಿ, ಅಂದರೆ 691–92ರಲ್ಲಿ, ಜೆರುಸಲೇಮಿನ ಬಂಡೆಗುಮ್ಮಟದ (ಡೋಮ್ ಆಫ್ ದ ರಾಕ್) ಒಳಭಾಗದಲ್ಲಿ ಬರೆಸಿದ ಸಾಲುಗಳು ಇಂದಿಗೂ ಇವೆ: ದೇವರಿಗೆ ಸಹಭಾಗಿಯಿಲ್ಲ, ಮುಹಮ್ಮದರು ಆತನ ದೂತರು, ಮರ್ಯಮರ ಮಗ ಈಸಾ ಕೂಡ ದೇವರ ದೂತರೇ ಎಂದು ಅವು ಸಾರುತ್ತವೆ. ನಂಬಿಕೆಯ ತಿರುಳು ಅಷ್ಟು ಬೇಗ ಕಲ್ಲುಕಟ್ಟಡದ ಮೇಲೆ ಬಂದಿತ್ತು. ಇನ್ನೊಂದು ಸಂಗತಿಯೂ ಗಮನಾರ್ಹ: ಕುರಾನಿನಲ್ಲಿ ಮುಹಮ್ಮದ್ ಎಂಬ ಹೆಸರು ಬರುವುದು ನಾಲ್ಕೇ ಬಾರಿ, ಮೂಸಾ ಅವರ ಹೆಸರು 130ಕ್ಕೂ ಹೆಚ್ಚು ಬಾರಿ. ಪ್ರವಾದಿಯ ಜೀವನಕ್ಕೆ ನಾವು ಕುರಾನಿನಾಚೆಗೆ ಹೋಗಲೇಬೇಕಾಗುವುದು ಈ ಕಾರಣಕ್ಕೆ.

ಪ್ರಶ್ನೆ (ಪದವಿ ವಿದ್ಯಾರ್ಥಿ, ಶಿವಮೊಗ್ಗ): ಪರೀಕ್ಷೆಗೆ ಮೂಲ ನಂಬಿಕೆಗಳೆಂದರೆ ಐದು ಸ್ತಂಭಗಳು ಎಂದು ಬರೆಯುತ್ತೇವೆ. ಅದು ಸಾಕೇ?

ಉತ್ತರ: ಸಾಲದು. ಐದು ಸ್ತಂಭಗಳು ಆಚರಣೆಗಳು. ಅವುಗಳಲ್ಲಿ ಮೊದಲನೆಯದಾದ ಶಹಾದತ್, ಅಂದರೆ ಅಲ್ಲಾಹನಲ್ಲದೆ ಬೇರೆ ದೇವರಿಲ್ಲ, ಮುಹಮ್ಮದರು ಆತನ ದೂತರು ಎಂದು ಸಾಕ್ಷಿ ನುಡಿಯುವುದು, ಮಾತ್ರ ನಂಬಿಕೆಯ ಹೇಳಿಕೆ. ಉಳಿದವು ದಿನಕ್ಕೆ ಐದು ಹೊತ್ತಿನ ನಮಾಝ್, ಝಕಾತ್ (ಕಡ್ಡಾಯ ದಾನ), ರಮಝಾನಿನ ಉಪವಾಸ, ಶಕ್ತಿಯುಳ್ಳವರಿಗೆ ಜೀವಮಾನದಲ್ಲಿ ಒಮ್ಮೆ ಹಜ್. ನಂಬಿಕೆಗಳನ್ನು ಸುನ್ನಿ ಪರಂಪರೆ ಆರು ಎಂದು ಎಣಿಸುತ್ತದೆ: ದೇವರು, ದೇವದೂತರು, ಗ್ರಂಥಗಳು, ಪ್ರವಾದಿಗಳು, ಅಂತಿಮ ದಿನ, ವಿಧಿ. ಗ್ರಂಥಗಳು ಎಂಬಲ್ಲಿ ಬಹುವಚನವನ್ನು ಗಮನಿಸಿ. ಮೂಸಾರ ತೌರಾತ್, ದಾವೂದರ ಝಬೂರ್, ಈಸಾರ ಇಂಜೀಲ್‌ಗಳೂ ಮೂಲತಃ ದೇವರಿಂದಲೇ ಬಂದವು ಎಂದು ನಂಬಬೇಕು.

ಆರರಲ್ಲಿ ಬೆನ್ನೆಲುಬು ತೌಹೀದ್, ಅಂದರೆ ಏಕದೇವತ್ವ. ದೇವರ ಪಕ್ಕದಲ್ಲಿ ಇನ್ನೊಬ್ಬರನ್ನು ಇರಿಸುವ ಶಿರ್ಕ್ ಅತ್ಯಂತ ದೊಡ್ಡ ಪಾಪ. ಪ್ರವಾದಿಯನ್ನೂ ಪೂಜಿಸುವಂತಿಲ್ಲ, ಅವರು ಮನುಷ್ಯರು, ತೀರಿಕೊಂಡವರು. ಆಚರಣೆಗಳೆಲ್ಲ ಈ ಒಂದು ನಂಬಿಕೆ ಹೊತ್ತು, ಹೊಟ್ಟೆ, ಹಣದ ಮೇಲೆ ಹೇಗೆ ಅಧಿಕಾರ ನಡೆಸುತ್ತದೆ ಎಂಬುದನ್ನು ತೋರಿಸುತ್ತವೆ ಎಂದು ನಾನು ತಿಳಿಯುತ್ತೇನೆ. ಝಕಾತನ್ನೇ ತೆಗೆದುಕೊಳ್ಳಿ. ಅದು ಮನಸ್ಸು ಬಂದಾಗ ಕೊಡುವ ದಾನವಲ್ಲ. 7.5 ತೊಲ ಚಿನ್ನ ಅಥವಾ 52.5 ತೊಲ ಬೆಳ್ಳಿಯನ್ನು ನಮ್ಮ ದೇಶದ ಉಲೇಮಾಗಳು (ಧರ್ಮವಿದ್ವಾಂಸರು) ಕನಿಷ್ಠ ಮಿತಿಯಾಗಿ ಹೇಳುತ್ತಾರೆ. ಆ ಮಿತಿ ದಾಟಿದ ಸಂಪತ್ತು ಒಂದು ಚಾಂದ್ರವರ್ಷ ಕೈಯಲ್ಲಿದ್ದರೆ ಶೇಕಡ 2.5ರಷ್ಟನ್ನು ಕೊಡಲೇಬೇಕು. ಆರು ಲಕ್ಷ ಉಳಿತಾಯವಿದ್ದವರು ಹದಿನೈದು ಸಾವಿರ ಕೊಡಬೇಕು. ಬೆಳೆಯಾದರೆ ಮಳೆಯಾಶ್ರಿತಕ್ಕೆ ಹತ್ತನೆಯ ಒಂದು ಪಾಲು, ದುಡಿಮೆ ಮತ್ತು ಖರ್ಚಿನಿಂದ ನೀರು ಹಾಯಿಸಿದ್ದಕ್ಕೆ ಇಪ್ಪತ್ತನೆಯ ಒಂದು ಪಾಲು. ಯಾರಿಗೆ ಕೊಡಬೇಕೆಂಬುದನ್ನೂ ಕುರಾನಿನ 9ನೆಯ ಅಧ್ಯಾಯ ಎಂಟು ವರ್ಗಗಳಾಗಿ ನಿಗದಿಪಡಿಸಿದೆ. ಬಡವರೂ ಸಾಲದಲ್ಲಿ ಸಿಕ್ಕವರೂ ಅದರಲ್ಲಿ ಸೇರಿದ್ದಾರೆ.

ಉಪವಾಸದ ಬಗ್ಗೆ ಒಂದೇ ಮಾತು. ನಮ್ಮ ಚಾಂದ್ರಮಾನ ಪಂಚಾಂಗದಲ್ಲಿ ಅಧಿಕ ಮಾಸ ಸೇರಿಸುವುದರಿಂದ ಯುಗಾದಿ ವಸಂತದಲ್ಲೇ ನಿಲ್ಲುತ್ತದೆ. ಹಿಜರಿ ಪಂಚಾಂಗದಲ್ಲಿ ಅದನ್ನು ಕುರಾನ್ ನಿಷೇಧಿಸಿದೆ. ಆದ್ದರಿಂದ ರಮಝಾನ್ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತ 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ.

ಪ್ರಶ್ನೆ (ಸದಸ್ಯರು, ಮಂಗಳೂರು): ನಂಬಿಕೆ ಒಂದೇ ಆದರೆ ನಮ್ಮ ಕರಾವಳಿಯ ಮಸೀದಿಗಳಲ್ಲಿ ಅಸರ್ ಆಝಾನ್ (ಇಳಿಹೊತ್ತಿನ ನಮಾಝಿನ ಕರೆ) ಬೇಗ, ಬೆಂಗಳೂರಿನ ಹಲವು ಮಸೀದಿಗಳಲ್ಲಿ ತಡವಾಗುವುದೇಕೆ?

ಉತ್ತರ: ನಂಬಿಕೆಯಲ್ಲಿ ಅಲ್ಲ, ಕರ್ಮವಿಧಿಯ ಲೆಕ್ಕದಲ್ಲಿ ಭೇದವಿದೆ. ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಅರಬ್ ಕಡಲ ವ್ಯಾಪಾರದ ಮೂಲಕ ಬಂದ ಶಾಫಿ ಪಂಥವನ್ನು, ಒಳನಾಡಿನ ದಖನಿ ಮುಸ್ಲಿಮರು ಹೆಚ್ಚಾಗಿ ಹನಫಿ ಪಂಥವನ್ನು ಅನುಸರಿಸುತ್ತಾರೆ. ನೆಲಕ್ಕೆ ನೆಟ್ಟ ಕೋಲಿನ ನೆರಳು, ನಡುಹಗಲಿನ ನೆರಳನ್ನು ಕಳೆದು, ಕೋಲಿನಷ್ಟೇ ಉದ್ದವಾದಾಗ ಶಾಫಿಗಳಿಗೆ ಅಸರ್ ಹೊತ್ತು ಆರಂಭ, ಎರಡರಷ್ಟಾದಾಗ ಹನಫಿಗಳಿಗೆ. ಅಂತರ ಸುಮಾರು ಒಂದು ಗಂಟೆ. ಹೆಂಗಸರು ತೊಡುವ ಒಡವೆಗೆ ಹನಫಿಗಳಲ್ಲಿ ಝಕಾತ್ ಇದೆ. ಮಿತಿಯಲ್ಲಿ ತೊಡುವ ಒಡವೆಗೆ ಶಾಫಿಗಳಲ್ಲಿ ಸಾಮಾನ್ಯವಾಗಿ ಇಲ್ಲ. ಎರಡೂ ಪಂಥದವರು ಒಬ್ಬರ ಹಿಂದೆ ಒಬ್ಬರು ನಿಂತು ನಮಾಝ್ ಮಾಡುತ್ತಾರೆ.

ಪ್ರಶ್ನೆ (ಸದಸ್ಯರು, ರಾಯಚೂರು ಜಿಲ್ಲೆ): ನಮ್ಮ ಕಡೆ ಮೊಹರಂನಲ್ಲಿ ಅಲಾಯಿ ದೇವರನ್ನು ಕೂರಿಸಿ ಹಿಂದೂಗಳೂ ಹರಕೆ ಒಪ್ಪಿಸುತ್ತಾರೆ. ಇದು ಇಸ್ಲಾಮಿನ ಮೂಲ ಆಚರಣೆಯೇ? ಮುಸ್ಲಿಂ ಗೆಳೆಯರಿಗೆ ಹಬ್ಬದ ಶುಭಾಶಯ ಹೇಳಬಹುದೇ?

ಉತ್ತರ: ಮೊಹರಂನ ಶೋಕಕ್ಕೆ ಕಾರಣವಾದ ಘಟನೆ ಪ್ರವಾದಿ ತೀರಿಕೊಂಡು ಅರ್ಧ ಶತಮಾನದ ಮೇಲೆ ನಡೆದದ್ದು. ಪ್ರವಾದಿಯ ನಂತರ ನಾಯಕತ್ವ ಯಾರದೆಂಬ ಪ್ರಶ್ನೆಯೇ ಸುನ್ನಿ–ಶಿಯಾ ಒಡಕಿನ ಬೇರು; ನಾಯಕತ್ವವು ಅಳಿಯ ಅಲಿ ಮತ್ತು ಅವರ ಸಂತತಿಯದು ಎಂಬುದು ಶಿಯಾಗಳ ನಿಲುವು, ಇಮಾಮರ ಮೇಲಿನ ವಿಶ್ವಾಸ ಅವರಿಗೆ ಮೂಲ ನಂಬಿಕೆಗಳಲ್ಲಿ ಒಂದು. 680ರಲ್ಲಿ ಅಲಿಯವರ ಮಗ ಹುಸೈನ್ ಇರಾಕಿನ ಕರ್ಬಲಾದಲ್ಲಿ ಖಲೀಫ ಯಝೀದನ ಸೈನ್ಯದಿಂದ ಹತರಾದ ದಿನ ಮೊಹರಂ ಹತ್ತು. ಸುನ್ನಿಗಳಲ್ಲಿ ಅದೇ ದಿನ ಉಪವಾಸವಿರುವ ಪದ್ಧತಿ ಅದಕ್ಕೂ ಹಳೆಯದು. ಮೂಸಾ ಮತ್ತು ಅವರ ಜನ ಫರೋಹನಿಂದ ಪಾರಾದ ನೆನಪಿಗೆ ಅದು.

ಮುದಗಲ್ ಮುಂತಾದೆಡೆ ಪಂಜಾ (ಹಸ್ತದ ಆಕಾರದ ಲಾಂಛನ) ಕೂರಿಸುವುದು, ಅಲಾಯಿ ಕುಣಿ (ಬೆಂಕಿ ಹಾಕುವ ಗುಂಡಿ), ಹೆಜ್ಜೆ ಕುಣಿತ ಇವೆಲ್ಲ ದಖ್ಖನಿನಲ್ಲಿ ಬೆಳೆದು ಬಂದ ಜನಪದ ಆಚರಣೆಗಳು. ಹರಕೆ ಹೊರುವುದನ್ನು ತೌಹೀದ್‌ಗೆ ವಿರುದ್ಧವೆಂದು ಆಕ್ಷೇಪಿಸುವ ಮುಸ್ಲಿಂ ವಿದ್ವಾಂಸರು ಅನೇಕರಿದ್ದಾರೆ. ಜಾತ್ರೆಯ ಸಂಭ್ರಮದಲ್ಲಿ ನೀವು ಪಾಲ್ಗೊಳ್ಳಬಹುದು, ಆದರೆ ಅದು ಶೋಕದ ದಿನವಾದ್ದರಿಂದ ಶುಭಾಶಯ ಬೇಡ. ಅದನ್ನು ರಮಝಾನ್ ಮುಗಿದ ಮರುದಿನದ ಈದ್‌ಗೂ ಬಕ್ರೀದ್‌ಗೂ ಇಟ್ಟುಕೊಳ್ಳಿ.